ಬಿಚ್ಚಿ ಮಾರಿದ ಎಂಜಿನ್ನಿನ ಬೆನ್ನು ಹತ್ತಿ

ನಮ್ಮ ಮಾವನಷ್ಟು ಕೆಟ್ಟ ವ್ಯಾಪಾರಸ್ಥ ಸೇಡಂನಿಂದ ಚಿಂಚೋಳಿವರೆಗೆ ಹುಡುಕಿದರೂ ಸಿಗುವುದಿಲ್ಲ! ಮೂವತ್ತು ವರ್ಷ ಬಾಡಿಗೆಗೆ ಓಡಿಸಿದ ಅಂಬಾಸಿಡರ್ ಕಾರನ್ನು ಚಿತ್ತಾಪುರದ ಮನೆಯಂಗಳದಲ್ಲಿ ತಾವೇ ಬಿಚ್ಚಿ (ಕಣ್ಣು ಮುಚ್ಚಿಕೊಂಡು ಬಿಚ್ಚುವಷ್ಟು ಪಳಗಿದ ಕೈ!), ಎಂಜಿನ್ನಿನ ಒಂದೊಂದೇ ಭಾಗವನ್ನು ಹಳೆ ಕಾರಿನ ಹುಚ್ಚರ ವಾಟ್ಸ್ಯಾಪ್ ಗುಂಪಿನಲ್ಲಿ ಮಾರತೊಡಗಿದರು. ಯಾಕೆ ಎಂದರೆ, "ಗಾಡಿಗಿ ವಯಸ್ಸಾಯ್ತು" ಎಂಬ ಉತ್ತರ. ಗುಂಪಿನ ಸಂದೇಶ ಓದಿ ಹೇಳುವುದು, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಿರುಗುವುದು ಅಳಿಯನಾದ ನನ್ನ ಪಾಲಿಗೆ ಬಂತು.

ಕಾರ್ಬೊರೇಟರ್ ಬೇಕೆಂದು ಸೇಡಂನಿಂದ ಒಬ್ಬ ಮಾಸ್ತರರು ಬಂದರು. ಮಾವ ಶುರುಮಾಡಿದರು: "ಗಾಡಿ ನೆಳ್ಳಾಗ ನಿಲ್ಲಸ್ತೀರೇನ್ರಿ? ದಿನಾ ಓಡಸ್ತೀರೋ, ಹಬ್ಬಕ್ಕಷ್ಟೇನೋ? ಮನ್ಯಾಗ ಸಿಟ್ಟಿನ ಮಂದಿ ಯಾರರೇ ಅದಾರೇನು?"

"ಅಣ್ಣಾರ, ನಾ ಕಾರ್ಬೊರೇಟರ್ ಕೇಳ್ಲಿಕ್ಕ ಬಂದೀನ್ರಿ, ಹೆಣ್ಣು ಕೇಳ್ಲಿಕ್ಕಲ್ಲ!"

"ಹೆಣ್ಣಿಗಾದ್ರ ಬಾಯಿ ಅದ, ತ್ರಾಸಾದ್ರ ಫೋನ್ ಮಾಡಿ ಹೇಳ್ತಾಳ. ಇದು ಯಾರಿಗಿ ಹೇಳ್ಬೇಕ್ರಿ?"

ಕೊಟ್ಟ ಮೇಲಾದರೂ ಸುಮ್ಮನಿದ್ದರೇ? ಅದು ಇನ್ನೊಂದು ಕಾರಿನಲ್ಲಿ ಓಡುವ ಸದ್ದು ಕೇಳುವವರೆಗೂ ನೆಮ್ಮದಿಯಿಲ್ಲ. ಕೂತಲ್ಲಿ ಕಾಲು ಅಲ್ಲಾಡಿಸುವುದೇನು, ಬಾಗಿಲಿಗೂ ಕಟ್ಟೆಗೂ ಓಡಾಡುವುದೇನು! ಮೂರನೇ ದಿನ ನನ್ನ ಬೈಕು ಸೇಡಂ ದಾರಿ ಹಿಡಿಯಿತು. ಮಾವ ಮಾಸ್ತರರ ಕಾರಿನ ಬಾನೆಟ್ಟಿಗೆ ಕಿವಿಯಿಟ್ಟು, "ಭಾಳ ಛಲೋ ಅದಾಳ" ಎಂದರು.

ವಾಡಿಯಲ್ಲಿ ಎಂಜಿನ್ ತಂಪಿಡುವ ನೀರಿನ ಪಂಪು ಕೊಂಡವರು ಅದನ್ನು ಉಜ್ಜಿ, ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಇಟ್ಟಿದ್ದರು! ಮಾವ ಕೆರಳಿಬಿಟ್ಟರು. "ದುಡಿಯೋ ಜೀವ ತಂದು ಕಪಾಟಿನ್ಯಾಗ ಹಾಕೀರಲ್ರಿ!" ಪಂಪನ್ನು ಅವರ ಕಾರಿಗೆ ಜೋಡಿಸಿ, ಎಂಜಿನ್ ಚಾಲೂ ಆದ ಮೇಲೆಯೇ ಅವರ ಮನೆಯ ಚಹಾ ಮುಟ್ಟಿದ್ದು. ಇನ್ನೊಂದು ಭಾಗ ಹೋಗಿದ್ದ ಶಹಾಬಾದಿಗಂತೂ ಒಂದೇ ವಾರದಲ್ಲಿ ಎರಡು ಸಲ ಹೋದೆವು. ಮೊದಲ ಸಲ ರೈಲು ಅಡ್ಡ ಬಂದು ಸದ್ದು ಸರಿಯಾಗಿ ಕೇಳಿಸಲಿಲ್ಲವಂತೆ!

ಕೊನೆಗೆ ಉಳಿದದ್ದು ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಹಳೆ ಅಂಬಾಸಿಡರೊಂದನ್ನು ಹಟ ಹಿಡಿದು ಎಬ್ಬಿಸುತ್ತಿದ್ದ ನರ್ಸಮ್ಮನೊಬ್ಬಳು ಅದನ್ನು ಕೊಂಡಳು. ಅಲ್ಲಿಗೇ ಹೋಗಿ ಜೋಡಿಸಿದ್ದಾಯಿತು. ಆಕೆ ಕೀಲಿಕೈಯನ್ನು ಮಾವನ ಕೈಗಿಟ್ಟಳು: "ಕಾಕಾ, ನೀವೇ ಚಾಲೂ ಮಾಡ್ರಿ."

ಮಾವ ಒಳಗೆ ಕೂತರು. ಕೀಲಿಕೈ ತೂತಿನ ಆಚೆ ಈಚೆ ತಡಕಾಡಿತು. ಇನ್ನೊಮ್ಮೆ, ಮತ್ತೊಮ್ಮೆ. ಆಮೇಲೆ ಅದನ್ನು ನನಗೆ ಕೊಟ್ಟರು.

"ಕಾಣವಲ್ದೋ ಅಳಿಯಾ. ಸ್ಟೇರಿಂಗ್ ಹಿಡೀಬ್ಯಾಡ ಅಂತ ಡಾಕ್ಟರ್ ಹೇಳಿ ವರ್ಷಾಯ್ತು. ನನ್ನ ಸಲುವಾಗಿ ಅದ್ಯಾಕ ನಿಂತಲ್ಲೇ ತುಕ್ಕು ಹಿಡೀಬೇಕು? ಬಿಡಿಬಿಡಿಯಾಗ್ಯರೇ ಓಡ್ಲಿ ಅಂದೆ."

ಇಷ್ಟು ದಿನ ಎಷ್ಟು ನಕ್ಕಿದ್ದೆನಲ್ಲ! ನನಗೆ ನಾಚಿಕೆಯಾಯಿತು. ಕೀಲಿ ತಿರುವಿದೆ, ಎಂಜಿನ್ ಶುರುವಾಯಿತು. ನರ್ಸಮ್ಮ ಮಾವನನ್ನು ಪಕ್ಕದ ಸೀಟಿನಲ್ಲಿ, ನನ್ನನ್ನು ಹಿಂದೆ ಕೂರಿಸಿಕೊಂಡು ಐನಾಪುರದ ದಾರಿ ಹಿಡಿದಳು.

"ಮುಂದ ಎಡಕ್ಕ ತೆಗ್ಗದ, ತಂಗಿ. ಹಗೂರಕ ಹೋಗು."

ಮೂವತ್ತು ವರ್ಷ ಓಡಾಡಿದ ದಾರಿ; ತೆಗ್ಗು ಅವರು ಹೇಳಿದಲ್ಲಿಯೇ ಇತ್ತು. ಮಾವನ ಕಾಲು ಅಲ್ಲಾಡುತ್ತಿರಲಿಲ್ಲ.