ನಾನು ಹೋದರೆ ಬಾರದ ಕರಕರ

ಪೂರ್ತಿ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದು ಸುಲಭ. ಆಗಾಗ ಕೆಟ್ಟು, ಮೆಕ್ಯಾನಿಕ್ ಬಂದ ಕೂಡಲೇ ಸರಿಹೋಗುವ ಯಂತ್ರ ಇದೆಯಲ್ಲ, ಅದು ಪ್ರಾಣ ತಿನ್ನುತ್ತದೆ. ಹಾಡು ಕೇಳುವ ದುಬಾರಿ ಯಂತ್ರಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಇಂಥವು ಗಂಟು ಬೀಳುತ್ತಲೇ ಇರುತ್ತವೆ. ಮದರಾಸು ಚೆನ್ನೈ ಆಗಿ ನಾಲ್ಕೈದು ವರ್ಷ ಆಗಿದ್ದರೂ ನಮ್ಮವರ ಬಾಯಲ್ಲಿ ಇನ್ನೂ ಮದರಾಸೇ ಆಗಿದ್ದ ಕಾಲದಲ್ಲಿ, ಕೀಲ್ಪಾಕ್‌ನ ಒಂದು ಮನೆ ನನ್ನನ್ನು ಆಟ ಆಡಿಸಿದ್ದು ಹೀಗೆ.

ಕಾಫಿ ಆಯಿತು

ಫೋನ್ ಮಾಡಿದವರು ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದ ರಾಯರು. "ಕನ್ನಡದವರು ಅಂತ ಗೊತ್ತಾಗಿ ಫೋನ್ ಮಾಡ್ತಿದೀನಿ. ಹೆಡ್‌ಫೋನ್ ಆಂಪ್ಲಿಫೈಯರ್. ಹಾಡಿನ ಮಧ್ಯೆ ಯಾರೋ ಹಪ್ಪಳ ಮುರಿದ ಹಾಗೆ ಕರಕರ."

ಹೋದೆ. ಅಣ್ಣನ ಮಗ ಸಿಂಗಪುರದಿಂದ ತಂದುಕೊಟ್ಟಿದ್ದ ಒಳ್ಳೇ ಮಾಲು, ಒಳಗೆ ಗಾಜಿನ ವಾಲ್ವ್‌ಗಳು ದೀಪದ ಹಾಗೆ ಉರಿಯುತ್ತಿದ್ದವು. ಹೆಡ್‌ಫೋನ್ ಹಾಕಿಕೊಂಡೆ. ವೀಣೆ ತಿಳಿನೀರಿನ ಹಾಗಿತ್ತು. ಗುಂಡಿ ತಿರುಗಿಸಿದೆ, ಪೆನ್ಸಿಲಿನಿಂದ ತಟ್ಟಿದೆ, ವೈರು ಅಲ್ಲಾಡಿಸಿದೆ. ಹೂಂಹೂಂ, ಒಂದು ಕರಕರವೂ ಇಲ್ಲ. ಅಷ್ಟರಲ್ಲಿ ರಾಯರ ಹೆಂಡತಿ, ಅಂದರೆ ಮಾಮಿ, ಡಿಕಾಕ್ಷನ್ ಘಮಘಮಿಸುವ ಕಾಫಿ ತಂದರು. ಆಮೇಲೆ ಕೋಡುಬಳೆ. ಇನ್ನೊಂದು ಕಾಫಿ. ರಾಯರ ಮುಖ ಬಾಡಿಹೋಯಿತು.

"ನೀವು ಬರೋ ಮುಂಚೆ ಇತ್ತು, ಸತ್ಯವಾಗ್ಲೂ."

"ಇರುತ್ತೆ ಸಾರ್, ಆಮೇಲೆ ಬರುತ್ತೆ."

"ಹಾಗಾದ್ರೆ ಒಂದು ಕೆಲಸ ಮಾಡಿ," ಅಂದರು ಗಂಭೀರವಾಗಿ. "ನೀವು ಇಲ್ಲೇ ಇದ್ದುಬಿಡಿ."

ನನ್ನ ಮನೆಯಲ್ಲಿ

ಆಂಪ್ಲಿಫೈಯರನ್ನು ನನ್ನ ಮನೆಗೆ ಹೊತ್ತು ತಂದೆ. ಒಂದು ವಾರ ಹಗಲೆಲ್ಲ ಹಚ್ಚಿಟ್ಟು, ಹೆಡ್‌ಫೋನ್ ಹಾಕಿಕೊಂಡು, ಈಗ ಬರುತ್ತೆ ಆಗ ಬರುತ್ತೆ ಅಂತ ಕಾದೆ. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಚೆನ್ನಾಗಿ ಹಾಡ್ತಿದೆ ಅಂತ ಸಂಕಟಪಡೋರನ್ನ ನೋಡಿದ್ದು ಇದೇ ಮೊದಲು!"

ಅನುಮಾನಕ್ಕೆ ಎಡೆಯಿದ್ದ ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿ ವಾಪಸ್ ಕೊಟ್ಟೆ. ಮಾಮಿ ಕಾಫಿ ಕೊಟ್ಟರು. ನಾನು ಮನೆ ತಲುಪುವಷ್ಟರಲ್ಲಿ ಫೋನು ಬಡಕೊಳ್ಳುತ್ತಿತ್ತು.

"ಬಂತು!" ಅಂದರು ರಾಯರು, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರ ಹಾಗೆ.

ಉಪ್ಪು, ಇದ್ದಿಲು, ದಾಸವಾಳ

ತಪ್ಪು ಯಂತ್ರದಲ್ಲಿಲ್ಲ, ಮನೆಯ ಅರ್ಥಿಂಗ್‌ನಲ್ಲಿ ಇರಬೇಕು ಅಂದುಕೊಂಡೆ. ಕೆಳಗಿನ ಫ್ಲಾಟ್ ಆದ್ದರಿಂದ ಕಿಟಕಿಯ ಹೊರಗೆ ಗುಂಡಿ ತೋಡಿಸಿ, ಪೈಪು ಹೂತು, ಉಪ್ಪು ಇದ್ದಿಲು ತುಂಬಿಸಿದೆ. ಗುಂಡಿ ಒಣಗಬಾರದು, ದಿನಾ ನೀರು ಹಾಕಿ ಅಂದೆ. ರಾಯರು ಅಂದಮೇಲೆ ಕೇಳಬೇಕೇ, ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ತಾಮ್ರದ ಚೊಂಬಿನಲ್ಲಿ ನೀರು ತಂದು ಪೈಪಿಗೆ ಎರೆಯುತ್ತಿದ್ದರು.

ಮುಂದಿನ ಸಲ ಹೋದಾಗ ಪೈಪಿನ ತಲೆಗೆ ಅರಿಶಿನ ಹಚ್ಚಿತ್ತು, ಎರಡು ದಾಸವಾಳ ಇತ್ತು. ಮೇಲಿನ ಮನೆಯಾಕೆ ಕೈಮುಗಿದು ಪ್ರದಕ್ಷಿಣೆ ಹಾಕುತ್ತಿದ್ದರು.

ಕರಕರ ಮಾತ್ರ ಹೋಗಿರಲಿಲ್ಲ. ಅಂದರೆ, ನಾನಿಲ್ಲದಾಗ ಹೋಗಿರಲಿಲ್ಲ.

ಮಗ ಬಂದ

ರಾಯರ ಮಗ ವೇಲಚೇರಿಯಲ್ಲಿ ಮನೆ ಮಾಡಿದ್ದ, ಭಾನುವಾರ ಬರುತ್ತಿದ್ದ. ಅವನೂ ಹೆಡ್‌ಫೋನ್ ಹಾಕಿ ನೋಡಿದ್ದ, ಅವನಿಗೂ ಏನೂ ಕೇಳಿಸಿರಲಿಲ್ಲ. ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದ. "ಅಂಕಲ್, ಚುಮ್ಮಾ, ಸುಮ್ನೆ ಟೈಮ್ ವೇಸ್ಟ್. ಪ್ರಾಬ್ಲಮ್ ಆಂಪ್‌ನಲ್ಲಿಲ್ಲ, ಅಪ್ಪಂಗೇ ಇದೆ. ಈ ವಾರ ಕಿವಿ ಡಾಕ್ಟರು. ಅವರು ಏನೂ ಇಲ್ಲ ಅಂದ್ರೆ ತಲೆ ಡಾಕ್ಟರು."

ಒಳಗೆ ರಾಯರಿಗೆ ಎಲ್ಲ ಕೇಳಿಸಿತ್ತು. ಆ ಮಟ್ಟಿಗೆ ಕಿವಿ ಚುರುಕಾಗೇ ಇತ್ತು. ಮಗ ಹೋದಮೇಲೆ ನನ್ನ ಕೈ ಹಿಡಿದುಕೊಂಡರು. "ನಿಜ ಹೇಳಿ. ಸದ್ದು ನನ್ನ ತಲೇಲೇ ಇದೆಯಾ? ನಮ್ಮ ತಂದೆಗೆ ಕೊನೇಗಾಲದಲ್ಲಿ ಹೀಗೇ ಇಲ್ಲದ್ದೆಲ್ಲ ಕೇಳಿಸ್ತಿತ್ತು."

ಏನಾದರೂ ಕೇಳಬೇಕಲ್ಲ ಅಂತ ಕೇಳಿದೆ, "ನಾನಿಲ್ಲದಾಗ ದಿನಾ ಬರುತ್ತಾ ಸಾರ್?"

"ಹೆಚ್ಚುಕಮ್ಮಿ ದಿನಾ ಸಾಯಂಕಾಲ. ಏಕಾದಶಿ ದಿನ ಮಾತ್ರ ಬರಲ್ಲ."

"ಏಕಾದಶಿ?"

"ಹೂಂ. ನಮ್ಮ ಜತೆ ಅದೂ ಉಪವಾಸ ಇರುತ್ತೆ," ಅಂದರು ರಾಯರು. ನಗುತ್ತಿರಲಿಲ್ಲ.

ಕಾಫಿ ಬೇಡ ಮಾಮಿ

ಬಸ್ಸಿನಲ್ಲಿ ಕೂತಮೇಲೆ ತಲೆಗೆ ಹೊಳೆಯಿತು. ಏಕಾದಶಿ ದಿನ ಆ ಮನೆಯಲ್ಲಿ ನಿಲ್ಲುವುದು ಏನು? ಅಡುಗೆಮನೆ! ನಾನು ಹೋದಾಗ ನಿಲ್ಲುವುದು?

ಮರುದಿನ ಸಾಯಂಕಾಲವೇ ಹೋದೆ. ಒಳಗೆ ಗುರ್ ಅನ್ನುತ್ತಿದ್ದ ಗ್ರೈಂಡರ್ ನನ್ನ ಚಪ್ಪಲಿ ಸದ್ದಿಗೆ ಗಪ್ಪೆಂದು ನಿಂತಿತು.

"ಕಾಫಿ ಬೇಡ ಮಾಮಿ. ನೀವು ರುಬ್ಬಿ."

ಮಾಮಿ ಬೆಚ್ಚಿಬಿದ್ದರು. "ಯಾಕೆ, ನಿನ್ನೆ ಕಾಫಿ ಚೆನ್ನಾಗಿರಲಿಲ್ವಾ?"

"ಅಮೃತ ಇದ್ದ ಹಾಗಿತ್ತು. ಈಗ ಗ್ರೈಂಡರ್ ಹಾಕಿ."

"ಮನೆಗೆ ಬಂದೋರು ಮಾತಾಡ್ತಿರೋವಾಗ ಗ್ರೈಂಡರ್ ಹಾಕ್ತಾರೇನು? ಮಗ ಬಂದಾಗಲೇ ನಾನು ಹಾಕಲ್ಲ!"

ಕಾಡಿ ಬೇಡಿ ಹಾಕಿಸಿದೆ. ಹೆಡ್‌ಫೋನ್ ಕಿವಿಗಿಟ್ಟೆ. ಕರಕರ, ಕರಕರ! ರಾಯರಿಗೆ ಕೊಟ್ಟೆ. ಅವರ ಕಣ್ಣಲ್ಲಿ ನೀರು ಬಂತು. "ನಿಮಗೂ ಕೇಳಿಸ್ತಾ? ನಿಮಗೂ?" ಅಂತ ಅದನ್ನೇ ಕೇಳಿದರು.

ಇಬ್ಬರೂ ಅಡುಗೆಮನೆಗೆ ಓಡಿದೆವು. ಗ್ರೈಂಡರಿನ ಪ್ಲಗ್ ಸಡಿಲವಾಗಿ, ಕಲ್ಲು ತಿರುಗುವ ನಡುಕಕ್ಕೆ ಚಟಚಟ ಕಿಡಿ ಹಾರುತ್ತಿತ್ತು. ಸಾಕೆಟ್ಟು ಸುಟ್ಟು ಕರ್ರಗಾಗಿತ್ತು. ಆ ಕಿಡಿಯೇ ವೈರಿನ ದಾರಿ ಹಿಡಿದು ಹೆಡ್‌ಫೋನಿನಲ್ಲಿ ಕರಕರ ಅನ್ನುತ್ತಿತ್ತು.

"ಅಯ್ಯಯ್ಯೋ, ಇದನ್ನ ಯಾಕೆ ಹೇಳಲಿಲ್ಲ ನೀನು?" ಅಂತ ರಾಯರು ಕೂಗಿದರು.

"ಹೇಳಲಿಲ್ವಾ? ಒಂದು ವರ್ಷದಿಂದ ಹೇಳ್ತಿದೀನಿ, ಕಿಡಿ ಬರ್ತಿದೆ, ಯಾರನ್ನಾದ್ರೂ ಕರೆಸಿ ಅಂತ. ಕಿವಿಗೆ ಅದನ್ನ ಸಿಕ್ಕಿಸಿಕೊಂಡು ಹೂಂ ಹೂಂ ಅಂತ ತಲೆ ಆಡಿಸ್ತಿದ್ರಿ."

"ಅದು ತಾಳಕ್ಕೆ ಕಣೇ..."

ಸಾಕೆಟ್ಟು ಬದಲಾಯಿಸಿದೆ, ಕರಕರ ಸತ್ತಿತು. ರಾಯರು ಮಗನಿಗೆ ಫೋನ್ ಮಾಡಿ, ಕಿವಿ ಡಾಕ್ಟರು ಬೇಡ ಅಂದರು. ಹಿಂದಿನಿಂದ ಮಾಮಿ ಕೂಗಿದರು, "ಬೇಡ ಅನ್ಬೇಡ ಕಣೋ, ತೋರಿಸಲೇಬೇಕು!"

ಟಕ್ ಟಕ್ ಟಕ್

ಎರಡು ತಿಂಗಳು ನೆಮ್ಮದಿ. ಆಮೇಲೆ ರಾಯರ ಫೋನು. "ಹೊಸ ಸದ್ದು. ಕರಕರ ಅಲ್ಲ, ಟಕ್ ಟಕ್ ಟಕ್. ಸರಿಯಾಗಿ ಊಟದ ಹೊತ್ತಿಗೆ."

ಈ ಸಲ ಮಧ್ಯಾಹ್ನವೇ ಹೋಗಿ ಬಾಗಿಲ ಹತ್ತಿರ ಕೂತೆ. ರಾಯರು ಕಣ್ಣು ಮುಚ್ಚಿ ಹಾಡಿನಲ್ಲಿ ಮುಳುಗಿದ್ದರು. ಮಾಮಿ ಅಡುಗೆಮನೆಯಿಂದ ಬಂದು, "ರೀ, ಊಟಕ್ಕೆ ಬನ್ನಿ," ಅಂದರು. ರಾಯರು ಹೂಂ ಅಂತ ತಲೆ ಆಡಿಸಿದರು. ಮಾಮಿ ನನ್ನ ಕಡೆ ನೋಡಿ, ಸುಮ್ಮನಿರಿ ಅಂತ ಕಣ್ಣಲ್ಲೇ ಹೇಳಿ, ಸೆರಗಿನ ಮರೆಯಿಂದ ಗ್ಯಾಸ್ ಲೈಟರ್ ತೆಗೆದರು. ಆಂಪ್ಲಿಫೈಯರಿನ ವೈರಿಗೆ ತಾಗಿಸುವ ಹಾಗೆ ಹಿಡಿದು ಒತ್ತಿ ಕಿಡಿ ಹಾರಿಸಿದರು. ಟಕ್, ಟಕ್, ಟಕ್.

"ಬಂತು! ಬಂತು!" ರಾಯರು ಹೆಡ್‌ಫೋನ್ ಕಿತ್ತು ಎದ್ದು ನಿಂತರು.

"ಹೇಗೂ ಎದ್ರಲ್ಲ, ಊಟಕ್ಕೆ ಬನ್ನಿ," ಅಂದರು ಮಾಮಿ. ಲೈಟರ್ ಸೆರಗಿನೊಳಗೆ ಹೋಗಿತ್ತು.

"ತಾಳು, ಮೊದಲು ಇದರದ್ದು ತೀರ್ಮಾನ ಆಗಲಿ. ಏನು ಸ್ವಾಮಿ ಇದು?"

ನಾನು ಮಾಮಿಯ ಮುಖ ನೋಡಿದೆ. ಕುಡಿದ ಕಾಫಿಗಳೆಲ್ಲ ನೆನಪಾದವು.

"ಇದು ರಿಪೇರಿ ಆಗೋದಲ್ಲ ಸಾರ್," ಅಂದೆ ಗಂಭೀರವಾಗಿ. "ಇಂಥ ಒಳ್ಳೇ ಮಾಡೆಲ್ ಬಿಸಿಯಾದಾಗ ಹೀಗೇ ಮೂರು ಸಲ ಎಚ್ಚರಿಸುತ್ತೆ. ಕೂಡಲೇ ಹೆಡ್‌ಫೋನ್ ತೆಗೆದು, ಆರಿಸಿ, ಎದ್ದುಬಿಡಬೇಕು."

"ಓಹೋ! ಎಷ್ಟು ಹೊತ್ತು ಆರಿಸಿಡಬೇಕು?"

ನಾನು ಬಾಯಿ ತೆಗೆಯುವ ಮೊದಲೇ ಮಾಮಿ ಅಂದರು, "ಊಟ ಆಗಿ, ನನ್ನ ಜತೆ ಕೂತು ಎಲೆ ಅಡಿಕೆ ಹಾಕಿ ಮುಗಿಸೋವರೆಗೆ."