ಮುಂಜಾನೆಯ ಸಭೆಯೂ ಸರಕಾರವೂ

ಇಬ್ಬರು ಒಂದು ಕಡೆ ಕೂತರೆ ಸಾಕು, ಅವರಲ್ಲಿ ಅಧ್ಯಕ್ಷರು ಯಾರು ಎಂದು ಕೇಳುವ ಮನುಷ್ಯನನ್ನು ನೀವು ನೋಡಿದ್ದೀರೋ ಇಲ್ಲವೋ, ನನಗೆ ತಿಳಿಯದು. ನಾನು ನೋಡಿದ್ದೇನೆ. ನೋಡಿದ್ದೇನೆ ಎಂದರೇನು, ಅವನ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡಿದ್ದೇನೆ! ಅವನು ನನ್ನ ಸ್ವಂತ ಸೋದರಮಾವ. ನಾನು ಬಾಯಿ ಬಡಿದುಕೊಂಡು ಅಳುತ್ತಿರುವಾಗ, ಅವನು ನನ್ನನ್ನು ಪಕ್ಕಕ್ಕಿಟ್ಟು ಎದ್ದು ನಿಂತು, ಕಿವಿ ಚುಚ್ಚಿದ ಅಕ್ಕಸಾಲಿಗನಿಗೆ ನೆರೆದ ಮಂಡಳಿಯ ಪರವಾಗಿ ವಂದನೆ ಹೇಳಿ ಆಭಾರ ಮನ್ನಿಸಿದನಂತೆ. ಇದನ್ನು ನನ್ನ ತಾಯಿ ಸಾಯುವತನಕ ಹೇಳಿ ನಗುತ್ತಿದ್ದಳು.

ಅವನ ಮದುವೆಯ ಕತೆಯೂ ಅಂಥದೇ. ಅಕ್ಷತೆ ಬಿದ್ದು ಜನ ಎಲೆಯ ಕಡೆ ಹೊರಟಾಗ ವರ ಮಹಾಶಯ ಕೈ ಎತ್ತಿ, "ಸ್ವಲ್ಪ ತಡೀರಿ, ಈಗ ವಧುವಿನಿಂದ ಎರಡು ಮಾತು" ಎಂದುಬಿಟ್ಟ! ಆಗಿನ ಕಾಲದ ವಧು. ತಲೆ ಎತ್ತಿದರೇ ಊರು ಮಾತಾಡಿಕೊಳ್ಳುತ್ತಿತ್ತು. ಆ ದಿನ ಆಡದೆ ಉಳಿದ ಎರಡು ಮಾತನ್ನು ಮಾಮಿ ಮುಂದೆ ಜನ್ಮವಿಡೀ ಆಡಿ ತೀರಿಸಿಕೊಂಡಳು ಎಂಬುದು ಬೇರೆ ಸಂಗತಿ. ಅವರ ಮನೆಯಲ್ಲಿ ಸಾರು ಮಾಡಬೇಕೋ ಹುಳಿ ಮಾಡಬೇಕೋ ಎಂಬುದಕ್ಕೂ ಮತ ಹಾಕುವ ಪದ್ಧತಿ ಇತ್ತು. ಇರುವವರು ಇಬ್ಬರು. ಮತ ಸಮ ಸಮ. ಆಗ ಅಧ್ಯಕ್ಷರು ನಿರ್ಣಯ ಕೊಡಬೇಕು.

"ಅಧ್ಯಕ್ಷರು ಯಾರು?" ಎನ್ನುತ್ತಿದ್ದ ಮಾಮಾ.

"ಸೌಟು ಯಾರ ಕೈಯಾಗ ಅದನೋ ಅವರ ಅಧ್ಯಕ್ಷರು. ಸುಮ್ನ ಕುಂದರ್ರಿ," ಎನ್ನುತ್ತಿದ್ದಳು ಮಾಮಿ.

ಇಂಥ ಮನುಷ್ಯನ ಕೈಗೆ ದೇವರು ಒಂದು ಶಾಲೆಯನ್ನು ಕೊಟ್ಟರೆ ಏನಾದೀತು? ದೇವರು ಕೊಟ್ಟ. ಖಾನಾಪುರದ ಒಂದು ಕನ್ನಡ ಸಾಲಿಗೆ ಮಾಮಾ ದೊಡ್ಡ ಮಾಸ್ತರನಾಗಿದ್ದ. ನಾನು ಧಾರವಾಡದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ, ತಲೆಯ ತುಂಬ ಹೊಸ ಪದ್ಧತಿಗಳನ್ನು ತುಂಬಿಕೊಂಡು, ಅದೇ ಸಾಲಿಗೆ ಸಣ್ಣ ಮಾಸ್ತರನಾಗಿ ಬಂದೆ. ಮೊದಲ ದಿನ ಗಂಟೆ ಬಾರಿಸಿದೊಡನೆ ಒಳಗೆ ಹೋಗಿ ನೋಡುತ್ತೇನೆ: ಹುಡುಗರು ಸಾಲಾಗಿ ಕೂತಿಲ್ಲ, ದುಂಡಗೆ ಕೂತಿದ್ದಾರೆ. ಮಾಸ್ತರರ ಕುರ್ಚಿಯ ಮೇಲೆ ಮೂಗು ಸೋರುವ ಒಬ್ಬ ಹುಡುಗ ನ್ಯಾಯಾಧೀಶರ ಗತ್ತಿನಲ್ಲಿ ಕೂತಿದ್ದಾನೆ. ದೊಡ್ಡ ಮಾಸ್ತರರು ಚಾಪೆಯ ಮೇಲೆ, ಇಬ್ಬರು ಹುಡುಗರ ನಡುವೆ, ಚಕ್ಕಳಮಕ್ಕಳ ಹಾಕಿಕೊಂಡಿದ್ದಾರೆ!

ಇದೇ ಸಭೆ. ದಿನಾ ಮುಂಜಾನೆ ಪಾಠಕ್ಕಿಂತ ಮೊದಲು ನಡೆಯುತ್ತಿತ್ತು. ಅಧ್ಯಕ್ಷ ಪದವಿ ಸರದಿಯ ಪ್ರಕಾರ. ಮೊದಲು ಸುದ್ದಿ, ಆಮೇಲೆ ತಕರಾರು, ಕೊನೆಗೆ ಠರಾವು, ಎಂದರೆ ನಿರ್ಣಯ. ಕೈ ಎತ್ತದೆ ಯಾರೂ ಮಾತಾಡುವಂತಿಲ್ಲ. ಸುದ್ದಿ ಕೇಳಿದಾಗ ಯಾರೂ "ಏನಿಲ್ರಿ" ಎನ್ನುವಂತಿಲ್ಲ. ಮರಾಠಿ ಮನೆಯ ಹುಡುಗ ಮರಾಠಿಯಲ್ಲೇ ಹೇಳಬಹುದು. ಬಾಜೂದವನು ಅದನ್ನು ಕನ್ನಡಕ್ಕೆ ತಿರುಗಿಸಬೇಕು.

"ಆಮಚೀ ಮ್ಹಸ ವ್ಯಾಲೀ!" ಎಂದ ಒಬ್ಬ.

"ಅವರ ಎಮ್ಮಿ ಈದೈತಂತ್ರಿ," ಎಂದ ಬಾಜೂದವನು. ಅಷ್ಟಕ್ಕೇ ಬಿಡಲಿಲ್ಲ. "ಆದ್ರ ಇಂವ ಅಷ್ಟ್ಯಾಕ ಕುಣ್ಯಾಕತ್ತಾನ್ರಿ? ಈದಿದ್ದು ಎಮ್ಮಿ!"

ಸಭೆ ನಕ್ಕಿತು. ಅಧ್ಯಕ್ಷರು ಮೇಜು ಕುಟ್ಟಿದರು. ಮಾಮಾ ಕೈ ಎತ್ತಿ ಅನುಮತಿ ಪಡೆದು, ಗಂಭೀರವಾಗಿ, "ಕರ ಹೆಣ್ಣೋ ಗಂಡೋ ಅನ್ನೂದು ಸಭಾಕ್ಕ ತಿಳೀಲಿಲ್ಲ" ಎಂದ.

ನನ್ನ ತರಬೇತಿ ಒಳಗೊಳಗೇ ಕುದಿಯಿತು. ಸಾಲಿ ಬಿಟ್ಟ ಮೇಲೆ ಕೇಳಿದೆ, "ಮಾಮಾ, ಎಮ್ಮಿ ಈಯೂದೆಲ್ಲಾ ಮುಗಿದ ಮ್ಯಾಲೆ ಮಗ್ಗಿ ಯಾವಾಗ ಹೇಳಸ್ತಿ?"

"ಹುಡುಗ ಬರೋವಾಗ ತಲಿಯೊಳಗ ಮನೀನ ತುಂಬ್ಕೊಂಡು ಬಂದಿರ್ತಾನೋ," ಎಂದ ಮಾಮಾ. "ಅದನ್ನ ಮೊದಲ ಇಳಿಸಬೇಕು. ತುಂಬಿದ ಚಕ್ಕಡ್ಯಾಗ ಮತ್ತ ಕಟ್ಟಿಗಿ ಹೇರತೀಯೇನು?"

ತರಬೇತಿಯಲ್ಲಿ ಚಕ್ಕಡಿಯ ವಿಷಯ ಬಂದಿರಲಿಲ್ಲ. ಖರೇ ಹೇಳಬೇಕೆಂದರೆ ಆ ಸಾಲಿಯಲ್ಲಿ ಹುಡುಗರು ತಪ್ಪಿಸಿಕೊಳ್ಳುವುದು ನಿಂತೇ ಹೋಗಿತ್ತು. ತನ್ನ ಅಧ್ಯಕ್ಷತೆಯ ದಿನ ಯಾರು ತಪ್ಪಿಸಿಕೊಂಡಾರು? ಒಬ್ಬನಂತೂ ಚಳಿಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಬಂದು, ಹಲ್ಲು ಕಟಕಟಿಸುತ್ತ ಸಭೆ ನಡೆಸಿ, ತಿರುಗಿ ಮನೆಗೆ ಹೋಗಿ ಮಲಗಿದ!

ಇನ್ನು ಸರಕಾರದ ವಿಷಯ.

ಗಾಬರಿಯಾಗಬೇಡಿ. ಊರಲ್ಲಿ ದೇವರ ಹೆಸರಿಗೆ ಬಿಟ್ಟ ಒಂದು ಹೋತ ಇತ್ತು. ದೇವರ ಹೋತ ಎಂದ ಮೇಲೆ ಅದನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಬೈಯುವಾಗಲೂ ವಿಚಾರ ಮಾಡಿ ಬೈಯಬೇಕು. ಅದು ಸಂತೆಯಲ್ಲಿ ಕೊತ್ತಂಬರಿ ತಿಂದು, ಸಾಲಿಗೆ ಬಂದು ಹುಡುಗರ ರೊಟ್ಟಿ ಗಂಟು ತಿಂದು, ಅಂಗಳದಲ್ಲಿ ಮೆಲುಕು ಹಾಕುತ್ತ ಮಲಗುತ್ತಿತ್ತು. ಹುಡುಗರು ಅದಕ್ಕೆ ಸರಕಾರ ಎಂದು ಹೆಸರಿಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಒಬ್ಬ ಹೇಳಿದ: "ಎಲ್ಲಾರದೂ ತಿಂತೈತ್ರಿ, ಯಾರೂ ಏನೂ ಅನ್ನಂಗಿಲ್ರಿ."

ಒಂದು ದಿನ ತಕರಾರುಗಳು ಮಿತಿಮೀರಿ ಸಭೆ ಠರಾವು ಮಾಡಿತು: ಸರಕಾರವು ನಮ್ಮ ಅಂಗಳವನ್ನು ಕೂಡಲೆ ಬಿಟ್ಟು ಹೋಗತಕ್ಕದ್ದು. ಎಲ್ಲರ ಕೈ ಮೇಲೆ. ಹುರುಪಿಗೆ ಬಂದ ಹುಡುಗರು ಅದನ್ನು ಕೂಗಿಯೂ ಬಿಟ್ಟರು.

ಅದು ಯಾವ ಕಾಲ? ನಾಲ್ಕು ಜನ ಸೇರಿ ಭಜನೆ ಮಾಡಿದರೂ ಬ್ರಿಟಿಷರ ಪೋಲೀಸರು ತಾಳ ಎಣಿಸುತ್ತಿದ್ದ ಕಾಲ! ಬೆಳಗಾವಿಯ ರೈಲು ಹಿಡಿಯಲು ಹೊರಟಿದ್ದ ಯಾರೋ ಪುಣ್ಯಾತ್ಮರು ಸಾಲಿಯ ಮುಂದೆ ಹಾದು ಹೋದರು. ಅವರು ರೈಲು ಹತ್ತಿದಾಗ ಸುದ್ದಿ, ಸಾಲಿ ಹುಡುಗರು ಏನೋ ಕೂಗಾಡಿದರು ಎಂಬಷ್ಟೇ ಇತ್ತು. ನಡುವಿನ ದೇಸೂರ ಸ್ಟೇಶನ್ ದಾಟುವಾಗ, ಖಾನಾಪುರದ ಮಾಸ್ತರರೊಬ್ಬರು ದಿನಾ ಸಭೆ ಕೂಡಿಸಿ ಸರಕಾರದ ವಿರುದ್ಧ ಠರಾವು ಪಾಸು ಮಾಡಿಸುತ್ತಾರೆ ಎಂದಾಯಿತು. ಬೆಳಗಾವಿಯಲ್ಲಿ ಇಳಿದಾಗ ಮಾಸ್ತರರಿಗೆ ಗಡ್ಡ ಬೆಳೆದಿತ್ತು, ಸಾಲಿಯ ಹಿಂದೆ ತಾಲೀಮು ನಡೆಯುತ್ತಿತ್ತು, ಉಳಿದದ್ದನ್ನು ಕಿವಿಯಲ್ಲೇ ಹೇಳಬೇಕಾಗಿತ್ತು.

ವಾರ ಕಳೆಯುವುದರೊಳಗೆ ಅಪ್ಪಣೆ ಬಂತು. ಸಾಲಿ ತಪಾಸಣೆಯ ಸಾಹೇಬರು, ಎಂದರೆ ನಮ್ಮ ಕಡೆಯ ಮಾತಿನಲ್ಲಿ ದಿಪೋಟಿ ಸಾಹೇಬರು, ಸ್ವತಃ ಬಂದು ಚೌಕಶಿ ಮಾಡುವರು. ಮಾತು ನಿಜವಾದರೆ ಸಭೆ ಬಂದ್. ಮಾಮಾನಿಗೆ ಕಣಕುಂಬಿಗೆ ಬದಲಿ, ಎಂದರೆ ವರ್ಗಾವಣೆ. ಕಣಕುಂಬಿಯೆಂದರೆ ಆಗ ಅಡವಿಯ ನಡುವಿನ ಊರು. ಹುಲಿಯಿಂದ ಪಾರಾದವರನ್ನು ಚಳಿಜ್ವರ ನೋಡಿಕೊಳ್ಳುತ್ತಿತ್ತು.

ಅವರು ಬರುವ ಹಿಂದಿನ ದಿನ ನಾನು ಮಾಮಾನ ಕೈ ಹಿಡಿದು ಬೇಡಿಕೊಂಡೆ. "ನಾಳೆ ಒಂದಿನ ಸಭಾ ಬ್ಯಾಡ ಮಾಮಾ. ಸುಮ್ನ ಮಗ್ಗಿ ಹೇಳಸು. ಸಾಹೇಬ್ರು ಕೇಳಿ ಹೋಗಲಿ."

ಮಾಮಾ ನನ್ನನ್ನು ಕರುಣೆಯಿಂದ ನೋಡಿದ. "ಸಭಾ ರದ್ದು ಮಾಡೂದಿದ್ರ ಅದಕ್ಕ ಸಭಾದಾಗನ ಠರಾವ್ ಆಗಬೇಕು," ಎಂದ.

ಮರುದಿನ ಸಾಹೇಬರು ಬಂದರು. ಕೋಟು, ಜರಿ ರುಮಾಲು, ಹೆಗಲ ಮೇಲೆ ಇಸ್ತ್ರಿಯ ಶಲ್ಯ, ಮುಖದ ಮೇಲೆ ಸಾಮ್ರಾಜ್ಯದ ಭಾರ. ಅಂದಿನ ಅಧ್ಯಕ್ಷೆ ಬಾಳವ್ವ. ಕುರಿ ಕಾಯುವವರ ಮನೆಯ ಹುಡುಗಿ. ಕುರ್ಚಿಯ ಮೇಲೆ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಸಾಹೇಬರು ಬಾಗಿಲಲ್ಲಿ ನಿಂತು ಕೆಮ್ಮಿದರು. ಅವಳು ಎದ್ದೇಳಲಿಲ್ಲ.

"ಸಭಾದಾಗ ಯಾರೂ ನಿಂದ್ರಂಗಿಲ್ರಿ," ಎಂದಳು. "ಬರ್ರಿ, ಕುಂದರ್ರಿ."

ಸಾಹೇಬರು ಕುರ್ಚಿ ಹುಡುಕಿದರು. ಸಾಲಿಗೆ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಅಧ್ಯಕ್ಷೆ. ಮಾಮಾ ಚಾಪೆಯ ಮೇಲೆ ಸರಿದು ಜಾಗ ಮಾಡಿ ತಟ್ಟಿ ತೋರಿಸಿದ. ಬ್ರಿಟಿಷ್ ಸಾಮ್ರಾಜ್ಯ ಒಂದು ಕ್ಷಣ ತಡೆದು, ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ ನೆಲಕ್ಕಿಳಿಯಿತು!

"ನಿಮ್ಮ ಸುದ್ದಿ ಹೇಳ್ರಿ," ಎಂದಳು ಬಾಳವ್ವ.

"ನಂದೇನಿಲ್ಲ," ಎಂದರು ಸಾಹೇಬರು.

"ಏನಿಲ್ಲ ಅನ್ನಂಗಿಲ್ರೀ!" ಎಂದು ಇಡೀ ಸಾಲಿ ಒಂದೇ ದನಿಯಲ್ಲಿ ಕೂಗಿತು.

ಸಾಹೇಬರು ಮಾಮಾನನ್ನು ನೋಡಿದರು. ಮಾಮಾ, ನಿಯಮ ನಿಯಮವೇ ಎಂಬಂತೆ ತಲೆ ತಗ್ಗಿಸಿದ. "ಅದು... ದೇಸೂರ ದಾಟಿದ ಮ್ಯಾಲೆ ಹಳಿ ಮ್ಯಾಲೆ ಒಂದ ಎಮ್ಮಿ ಮಲಗಿತ್ತು. ರೈಲು ನಿಂತುಬಿಡ್ತು," ಎಂದರು ಸಾಹೇಬರು.

ಹತ್ತು ಕೈ ಮೇಲೆದ್ದವು. ಕೋಡು ಹೆಂಗಿದ್ವು? ಕಾಯವರು ಇರಲಿಲ್ಲೇನು? ಹೆಂಗ ಎಬ್ಬಿಸಿದ್ರು? ಸಾಹೇಬರಿಗೂ ಹುರುಪು ಬಂತು. ಬಾಲ ತಿರುವಿದರೂ ಏಳಲಿಲ್ಲ ಎಂದು ಕೈ ತಿರುವಿ ತೋರಿಸಿದರು. ಆಮೇಲೆ ತಾವು ಬಂದ ಕೆಲಸ ನೆನಪಾಗಿ ಮುಖ ಬಿಗಿದುಕೊಂಡರು.

"ಅದಿರಲಿ. ನೀವು ಇಲ್ಲಿ ಸರಕಾರದ ಮ್ಯಾಲೆ ಠರಾವು ಮಾಡೀರಂತಲ್ಲ, ಖರೇ ಏನು?"

"ಹೂಂ ರೀ, ಮಾಡೇವಿ," ಎಂದಳು ಬಾಳವ್ವ. "ಆದ್ರ ಸರಕಾರ ಕೇಳವಲ್ದು."

ಸಾಹೇಬರು ಟಿಪ್ಪಣಿಗೆ ಪೆನ್ಸಿಲ್ ತೆಗೆದರು. ಮಾಮಾ ಗಾಬರಿಯಿಂದ, "ಸಾಹೇಬ್ರ, ಸರಕಾರ ಅಂದ್ರ..." ಎಂದು ಬಾಯಿ ತೆರೆದ.

"ಮಾಸ್ತರ್ರ! ಕೈ ಎತ್ತದ ಮಾತಾಡಬ್ಯಾಡ್ರಿ," ಎಂದಳು ಬಾಳವ್ವ.

ಮಾಮಾ ಕೈ ಎತ್ತಿದ. ಅವನಿಗಿಂತ ಮೊದಲು ಎತ್ತಿದವರು ಬಹಳ ಜನರಿದ್ದರು. ತಾನೇ ಮಾಡಿದ ನಿಯಮದ ಬಲೆಯಲ್ಲಿ, ಎತ್ತಿದ ಕೈ ಇಳಿಸದೆ, ನನ್ನ ಸೋದರಮಾವ ತನ್ನ ಬದಲಿ ಗಟ್ಟಿಯಾಗುವುದನ್ನು ಸರದಿಯಲ್ಲಿ ಕೂತು ಕೇಳಿದ.

"ಸರಕಾರ ನನ್ನ ರೊಟ್ಟಿ ತಿಂದೈತ್ರಿ."

"ಸರಕಾರ ನನ್ನ ಪಾಟಿ ಮ್ಯಾಲೆ ಹಿಕ್ಕಿ ಹಾಕಿತ್ರಿ."

ಸಾಹೇಬರ ಪೆನ್ಸಿಲ್ ನಿಂತಿತು.

"ಸರಕಾರ ಭಾಳ ನಾರತೈತ್ರಿ," ಎಂದ ಮತ್ತೊಬ್ಬ, ಮೂಗು ಹಿಡಿದುಕೊಂಡು.

ಸಾಹೇಬರ ಹಣೆಯ ಮೇಲೆ ಬೆವರು ಕಾಣಿಸಿತು. ಇಂಥ ರಾಜದ್ರೋಹವನ್ನು ಅವರು ಬೆಳಗಾವಿಯ ಮೈದಾನದ ಭಾಷಣಗಳಲ್ಲಿಯೂ ಕೇಳಿರಲಿಕ್ಕಿಲ್ಲ! ಬೆವರು ಒರೆಸಿಕೊಳ್ಳಲೆಂದು ಶಲ್ಯಕ್ಕೆ ಕೈ ಹಾಕಿ ಜಗ್ಗಿದರು. ಶಲ್ಯ ಬರಲಿಲ್ಲ. ತಿರುಗಿ ನೋಡಿದರು. ಅದರ ಇನ್ನೊಂದು ತುದಿ, ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಬಂದು ನಿಂತಿದ್ದ ಹೋತದ ಬಾಯಲ್ಲಿ ಇತ್ತು. ಅರ್ಧ ಒಳಗೆ ಹೋಗಿತ್ತು.

"ಸರಕಾರ ಬಂತು! ಸರಕಾರ ಬಂತು!" ಎಂದು ಹುಡುಗರು ಎದ್ದರು.

"ಇದೇನು ಸರಕಾರ?" ಎಂದು ಕಿರುಚಿದರು ಸಾಹೇಬರು.

"ಹೂಂ ರೀ, ಇದ!"

"ಏ ಬಿಡು! ಬಿಡಂದ್ರ! ಅಯ್ಯೋ, ಹೊರಗ ಹಾಕ್ರೋ ಈ ಸರಕಾರನ್ನ! ಮೊದಲ ಹೊರಗ ಹಾಕ್ರಿ!"

ಬಾಳವ್ವ ಮೇಜು ಕುಟ್ಟಿದಳು. "ಸಾಹೇಬ್ರು ಠರಾವಿಗೆ ಅನುಮೋದನೆ ಕೊಟ್ಟಾರ. ಬೇಕು ಅನ್ನವ್ರು ಕೈ ಎತ್ರಿ."

ಎಲ್ಲ ಕೈಗಳೂ ಮೇಲೆ. ಸಾಹೇಬರ ಒಂದು ಕೈ ಶಲ್ಯ ಜಗ್ಗುತ್ತಿತ್ತು. ಇನ್ನೊಂದು, ಹೋತವನ್ನು ಹೆದರಿಸಲು, ಮೇಲೆಯೇ ಇತ್ತು. ಬಾಳವ್ವ ಅದನ್ನೂ ಲೆಕ್ಕಕ್ಕೆ ಹಿಡಿದಳು! ಹೀಗೆ, ಸರಕಾರ ತೊಲಗಬೇಕೆಂಬ ಠರಾವು ಸರಕಾರದ ನೌಕರರ ಅನುಮೋದನೆಯಿಂದ, ಅವರ ಮತವನ್ನೂ ಕೂಡಿಸಿಕೊಂಡು, ಸರ್ವಾನುಮತದಿಂದ ಪಾಸಾಯಿತು. ಹುಡುಗರೆಲ್ಲ ಸೇರಿ ಸರಕಾರವನ್ನು ದೂಡಿಕೊಂಡು ಹೊರಗೆ ಹೋದರು. ಹರಿದ ಶಲ್ಯದ ತುಂಡೊಂದು ಸಾಹೇಬರ ಕೈಯಲ್ಲಿ ಉಳಿಯಿತು.

ಸಾಹೇಬರು ತುಂಡನ್ನು ನೋಡಿದರು, ಮಾಮಾನನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಾಡಲು ಶುರುವಾಯಿತು. ಕೋಟಿನ ಗುಂಡಿ ಕಿತ್ತು ಬರುವಷ್ಟು ನಕ್ಕರು, ಕಣ್ಣೀರು ಬಂತು, ಅದನ್ನು ಒರೆಸಿಕೊಳ್ಳಲು ಕೈಯಲ್ಲಿದ್ದ ತುಂಡೇ ಉಪಯೋಗಕ್ಕೆ ಬಂತು.

"ಮಾಸ್ತರ್ರ," ಎಂದರು ಕೊನೆಗೆ, "ನಡಸ್ರಿ ನಿಮ್ಮದು. ನಾ ಇಷ್ಟ ಸಾಲಿ ನೋಡೀನಿ. ನನಗ ಅಂಜಲಾರದ ಹುಡುಗರನ್ನ ಇಲ್ಲೇ ನೋಡಿದೆ. ಆದ್ರ ಈ ಸಭಾ ಅನ್ನೋ ಹೆಸರೊಂದು ಬದಲ ಮಾಡ್ರಿ. ಮ್ಯಾಲಿನವರಿಗೆ ಆ ಶಬ್ದ ಕೇಳಿದ್ರ ನಿದ್ದಿ ಹತ್ತೂದಿಲ್ಲ."

"ಅದಕ್ಕ ಸಭಾದಾಗ ಠರಾವ್ ಆಗಬೇಕ್ರಿ," ಎಂದ ಮಾಮಾ. ನಾನು ಹಣೆ ಬಡಿದುಕೊಂಡೆ.

ಠರಾವಾಯಿತು. ಸಭೆಗೆ ಮುಂಜಾನಿ ಹಾಜರಿ ಎಂದು ಹೆಸರಾಯಿತು. ಸಾಹೇಬರು ಮುಂದೆ ಸುತ್ತಲಿನ ಸಾಲಿಗಳಿಗೆ ಹೋದಲ್ಲೆಲ್ಲ, ಪಾಠಕ್ಕೆ ಮೊದಲು ಖಾನಾಪುರದ ಹಾಗೆ ಹಾಜರಿ ತೆಗೆದುಕೊಳ್ಳಿರಿ ಎಂದು ಹೇಳಿ ಬಂದರು. ಲೋಂಡಾದವರೆಗೂ ಎಮ್ಮೆಗಳು ಈದ ಸುದ್ದಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಬ್ಬಿತು! ಹೋತದ ಹೆಸರನ್ನೂ ಬದಲಿಸಬೇಕೆಂದು ಸಾಹೇಬರು ಹೋಗುವಾಗ ಹೇಳಿದ್ದರು. ಹುಡುಗರು ಅದಕ್ಕೂ ಒಪ್ಪಿದರು. ಮರುದಿನದಿಂದ ಅದನ್ನು ದಿಪೋಟಿ ಎಂದು ಕರೆದರು.

ಸಾಹೇಬರು ಬಂದು ಹೋದ ದಿನ ಸಂಜೆ ಮಾಮಾ ಪೇಟೆಯೊಳಗಿಂದ ಗೆದ್ದ ಪೈಲ್ವಾನನ ಹಾಗೆ ಎದೆ ಸೆಟೆಸಿಕೊಂಡು ನಡೆದ. ಹಿಂದೆ ಹುಡುಗರ ದಂಡು. ಅಂಗಡಿಯವರು ಎದ್ದು ನಿಂತು ಕೈ ಮುಗಿದರು; ಅವನು ಪ್ರತಿಯೊಬ್ಬರಿಗೂ ಆಭಾರ ಮನ್ನಿಸಿದ. ಮನೆ ಮುಟ್ಟಿ, ಹುಡುಗರನ್ನು ಕಳಿಸಿ, ನಾವಿಬ್ಬರೂ ಒಳಗೆ ಹೋದೆವು.

ಪಡಸಾಲೆಯ ಮೂಲೆಯಲ್ಲಿ ಹಾಸಿಗೆಯೊಂದು ಸುತ್ತಿ, ಹಗ್ಗ ಬಿಗಿದು, ಪ್ರಯಾಣಕ್ಕೆ ಸಿದ್ಧವಾಗಿ ನಿಂತಿತ್ತು. ಬಾಜೂಕ್ಕೆ ಒಂದು ಟ್ರಂಕು.

ನಾನು ಮಾಮಿಯನ್ನು ನೋಡಿದೆ. "ನಸಿಕಲೇ ಎದ್ದು ಕಟ್ಟ್ಯಾರ," ಎಂದಳು ಅವಳು ಸಣ್ಣ ದನಿಯಲ್ಲಿ. "ನನ್ನನ್ನೂ ಎಬ್ಬಿಸಲಿಲ್ಲ."

ಮಾಮಾ ಹಾಸಿಗೆಯ ಮುಂದೆ ಕೂತು ಗಂಟು ಬಿಚ್ಚಲು ನೋಡಿದ. ಹಗ್ಗದ ತುದಿ ಸಿಕ್ಕುತ್ತಿತ್ತು, ಜಾರುತ್ತಿತ್ತು.

"ಇದನ್ನೊಂದಿಷ್ಟು ಬಿಚ್ಚೋ," ಎಂದ ನನಗೆ.

ನಾನು ಕೂತು ಬಿಚ್ಚತೊಡಗಿದೆ. "ಕಣಕುಂಬಿಗೆ ಅಷ್ಟ ಅಂಜಿದ್ದೆಯೇನು, ಮಾಮಾ?"

"ಊರಿಗೆ ಏನಂಜೂದು," ಎಂದ. "ನಾಳೆ ಕುಂಬಾರ ಯಲ್ಲಪ್ಪನ ಮಗಂದು ಸರದಿ. ಮಾತಾಡಲಿಕ್ಕೆ ತೊದಲತಾನ ಪಾಪ. ಮನ್ಯಾಗ ಕೊಡಾ ಬೋರಲ ಹಾಕಿ, ಅದರ ಮ್ಯಾಲೆ ಕುಂತು, ಅಧ್ಯಕ್ಷ ಆಗೂದನ್ನ ಕಲಿಲಿಕ್ಕತ್ತಾನಂತ. ನಾ ಹೋಗಿಬಿಟ್ಟಿದ್ರ ಅವಗ ಯಾರು ಏನಂತ ಹೇಳತಿದ್ರು?"

ಗಂಟು ಬಿಚ್ಚಿಕೊಂಡಿತು. ಹಾಸಿಗೆಯನ್ನು ನೆಲದ ಮೇಲೆ ಉರುಳಿಸಿದೆ. ಮಾಮಾ ಕೋಟು ಸಹ ಬಿಚ್ಚದೆ ಅದರ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಾಮಿ ಬಂದು ಅವನ ತಲೆಯ ಮೇಲಿನ ರುಮಾಲನ್ನು ಮೆಲ್ಲಗೆ ತೆಗೆದು, ಗೂಟಕ್ಕೆ ಹಾಕಿ, ಬಹಳ ಹೊತ್ತು ಅಲ್ಲೇ ಕೂತಳು.