ಉರಿಗಾಂನಲ್ಲಿ ಏಳು ಬೀಳುವುದಿಲ್ಲ

ನಾನು ಮಾಡದೆ ಬಿಟ್ಟ ಒಂದು ಸಣ್ಣ ಕೆಲಸದಿಂದ ನಮ್ಮ ಉರಿಗಾಂ ನೆಲಕ್ಕೇ ಕೆಟ್ಟ ಹೆಸರು ಬಂದಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದಿನಕ್ಕೆ ಐವತ್ತು ಸಲ ಎರಡು ದಾಳ ಎಸೆದು, ಬಿದ್ದ ಚುಕ್ಕಿಗಳನ್ನು ಕೂಡಿಸಿ ಪುಸ್ತಕದಲ್ಲಿ ಬರೆಯಬೇಕಿತ್ತು. ಅಷ್ಟೇ! ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕಿಂತ ಸುಲಭ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ಹನ್ನೆರಡರವರೆಗೆ ಎಣಿಸಲು ಬರುತ್ತದೆ. ಆದರೂ ಮಾಡಲಿಲ್ಲ.

ಕೆಲಸ ಕೊಟ್ಟವನು ನಮ್ಮಣ್ಣ. ಅವನಂಥ ಜೂಜುಕೋರ ಈ ಕಡೆ ಮಾರಿಕುಪ್ಪಂನಿಂದ ಆ ಕಡೆ ಬೂದಿಕೋಟೆಯವರೆಗೆ ಹುಡುಕಿದರೂ ಸಿಕ್ಕುವುದಿಲ್ಲ. ಮೂವತ್ತು ವರ್ಷದಿಂದ ದಾಳ ಎಸೆಯುತ್ತಿದ್ದಾನೆ. ಒಂದು ಪೈಸೆ ಗೆದ್ದಿಲ್ಲ, ಒಂದು ಪೈಸೆ ಸೋತಿಲ್ಲ. ಪಣ ಕಟ್ಟಿದರೆ ತಾನೆ! ಬಂಗಾರಪೇಟೆ ಸ್ಟೇಷನ್ ಹತ್ತಿರ ಅವನ ಸೈಕಲ್ ಅಂಗಡಿ. ಪಂಚರ್ ಹಾಕಿಸಲು ಬಂದವರು ಟ್ಯೂಬಿಗೆ ತೇಪೆ ಹಾಕಿಸಿಕೊಂಡು, ತಲೆಗೆ ತೂತು ಮಾಡಿಸಿಕೊಂಡು ಹೋಗುತ್ತಾರೆ.

ಇದಕ್ಕೆಲ್ಲ ಮೂಲ ನಮ್ಮಪ್ಪ. ಉರಿಗಾಂ ಚಿನ್ನದ ಗಣಿಯ ಆಫೀಸರುಗಳ ಕ್ಲಬ್ಬಿನಲ್ಲಿ ಬೇರರ್ ಆಗಿದ್ದವರು. ಕ್ಲಬ್ಬಿನ ಹಳೆ ಸಾಮಾನು ಹಂಚುವಾಗ ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ನಿಲುವುಗನ್ನಡಿ ತಂದರು. ನಮ್ಮಪ್ಪ ತಂದದ್ದು ಎರಡು ಜೊತೆ ಕೆಂಪು ದಾಳ! ಜೊತೆಗೆ ದೊರೆಗಳು ಆಡುತ್ತಿದ್ದ ಕ್ರ್ಯಾಪ್ಸ್ ಎಂಬ ಆಟದ ನಿಯಮಗಳನ್ನೂ ತಲೆಯಲ್ಲಿ ಹೊತ್ತು ತಂದು ಅಣ್ಣನ ತಲೆಗೆ ಇಳಿಸಿದರು.

ಆಟ ಇಷ್ಟೇ. ಮೊದಲ ಎಸೆತದಲ್ಲಿ ಏಳೋ ಹನ್ನೊಂದೋ ಬಿದ್ದರೆ ಗೆಲುವು. ಎರಡು, ಮೂರು, ಹನ್ನೆರಡು ಬಿದ್ದರೆ ಸೋಲು. ಬೇರೆ ಏನು ಬಿದ್ದರೂ ಅದೇ ನಿಮ್ಮ ಗುರುತು. ಅದು ಮತ್ತೆ ಬೀಳುವ ತನಕ ಎಸೆಯುತ್ತಿರಬೇಕು. ಅಷ್ಟರಲ್ಲಿ ಏಳು ಬಿತ್ತೋ, ಕಥೆ ಮುಗಿಯಿತು.

"ಮೊದಲ್ನೇ ಎಸೆತಕ್ಕೆ ಏಳು ದೇವರು ಕಣಮ್ಮಿ, ಎರಡನೇದ್ರಿಂದ ಯಮ" ಎನ್ನುತ್ತಿದ್ದ ಅಣ್ಣ. "ಎರಡು ದಾಳ ಮೂವತ್ತಾರು ತರಾ ಬೀಳ್ತವೆ. ಅದ್ರಾಗೆ ಆರು ತರಾ ಏಳಾಗ್ತದೆ. ಹನ್ನೆರಡಾಗೋದು ಒಂದೇ ಒಂದು ತರಾ. ಏಳಿಗೆ ಆರು ಬಾಗ್ಲು, ಹನ್ನೆರಡಕ್ಕೆ ಒಂದೇ ಬಾಗ್ಲು!"

"ನಮ್ಮನೆಗೂ ಒಂದೇ ಬಾಗ್ಲು, ಅಡ್ಡ ಕುಂತಿದ್ದೀಯ, ಎದ್ದೇಳು" ಎಂದು ಅತ್ತಿಗೆ ಪೊರಕೆ ಹಿಡಿದು ನಿಲ್ಲುತ್ತಿದ್ದಳು.

ಗೋವಾಕ್ಕೆ ಹೋಗಿಬರುವ ಲಾರಿ ಡ್ರೈವರ್ ಒಬ್ಬ ಅಂಗಡಿಯಲ್ಲಿ ಕುಳಿತು ಸೋಲದ ಉಪಾಯ ಹೇಳಿಕೊಟ್ಟ. ಸೋತರೆ ಮುಂದಿನ ಸಲ ಎರಡರಷ್ಟು ಕಟ್ಟು; ಮತ್ತೆ ಸೋತರೆ ಅದರ ಎರಡರಷ್ಟು; ಯಾವತ್ತಾದರೂ ಗೆಲ್ಲಲೇಬೇಕಲ್ಲ! ಅಣ್ಣ ಅದನ್ನು ಹುಣಸೆ ಬೀಜದಲ್ಲಿ ಪರೀಕ್ಷೆ ಮಾಡಿದ. ಎದುರಾಳಿ ಅತ್ತಿಗೆ. ಹದಿನೈದು ದಿನ ಅಣ್ಣನೇ ಗೆದ್ದ. ಆಟಕ್ಕೆ ಒಂದೊಂದೇ ಬೀಜ ಗೆದ್ದು ಮೀಸೆ ತಿರುವಿದ. ಹದಿನಾರನೇ ದಿನ ಸತತ ಒಂಬತ್ತು ಸೋಲು. ಒಂದು, ಎರಡು, ನಾಲ್ಕು, ಎಂಟು ಎಂದು ಹೋಗಿ ಐನೂರ ಹನ್ನೊಂದು ಬೀಜ ಅತ್ತಿಗೆಯ ಮೊರಕ್ಕೆ ಬಿದ್ದವು. ಹತ್ತನೇ ಸಲಕ್ಕೆ ಐನೂರ ಹನ್ನೆರಡು ಬೇಕು!

"ನಾನಿನ್ನೂ ಸೋತಿಲ್ಲ. ಬೀಜ ಮುಗಿದೋದ್ವು ಅಷ್ಟೇ" ಎಂದ ಅಣ್ಣ.

"ಮುಗಿದ್ರೆ ಮರ ಅತ್ತು, ಓಗು!" ಎಂದಳು ಅತ್ತಿಗೆ.

ಮರ ಹತ್ತಲಿಲ್ಲ. ಬದಲಿಗೆ ಅವನ ತಲೆಗೊಂದು ಹುಳು ಹೊಕ್ಕಿತು. ಲೆಕ್ಕದಲ್ಲೇನೋ ಏಳಿಗೆ ಆರು ಬಾಗಿಲು, ಆದರೆ ನಿಜವಾಗಿ ದಾಳ ಲೆಕ್ಕದ ಮಾತು ಕೇಳುತ್ತದೆಯೆ? ಎಸೆದೇ ನೋಡಬೇಕು. ಬಂಗಾರಪೇಟೆಯಲ್ಲಿ ಅವನು ಹತ್ತು ಸಾವಿರ ಸಲ. ಉರಿಗಾಂನಲ್ಲಿ, ಅಪ್ಪನಿಗೆ ಗಣಿಯವರು ಕೊಟ್ಟಿದ್ದ ಲೈನು ಮನೆಯಲ್ಲಿ ಗಂಡನ ಜೊತೆ ಸಂಸಾರ ಹೂಡಿದ್ದ ನಾನು ಹತ್ತು ಸಾವಿರ ಸಲ.

"ನಾನ್ಯಾಕಣ್ಣಾ?" ಎಂದೆ.

"ಒಬ್ರ ಕೈ ನಂಬಬಾರ್ದು ಕಣಮ್ಮಿ" ಎಂದು ಒಂದು ಜೊತೆ ದಾಳ, ಎರಡು ನೋಟ್‌ಬುಕ್ಕು, ಕೆತ್ತಿದ ಪೆನ್ಸಿಲು ಕೊಟ್ಟು ಹೋದ. ದಿನಕ್ಕೆ ಐವತ್ತರಂತೆ ಇನ್ನೂರು ದಿನ.

ಎಂಟು ದಿನ ನಿಯತ್ತಿನಿಂದ ಎಸೆದೆ, ದೇವರಾಣೆ! ಒಂಬತ್ತನೇ ದಿನ ನಲ್ಲಿಯಲ್ಲಿ ನೀರು ಬಂತು, ಮಗುವಿಗೆ ಜ್ವರ ಬಂತು, ಸಾಲದ್ದಕ್ಕೆ ಪಕ್ಕದ ಮನೆಯ ತಮಿಳು ಅಕ್ಕ ಬಾಗಿಲಲ್ಲಿ ಇಣುಕಿ, "ಎನ್ನಮ್ಮಾ, ಒಬ್ಳೇ ದಾಳ ಆಡ್ತೀಯಾ? ಯಾರು ಗೆದ್ದಿದ್ದು?" ಎಂದು ನಕ್ಕಳು. ಅವತ್ತು ಎಸೆಯದೆಯೇ ಬರೆದೆ. ಐದು, ಒಂಬತ್ತು, ಎರಡು, ಹನ್ನೊಂದು. ಎಷ್ಟು ಸಲೀಸು! ಐವತ್ತು ಬರೆಯಲು ಒಂದು ಲೋಟ ಕಾಫಿ ಕುಡಿಯುವಷ್ಟೂ ಹೊತ್ತು ಬೇಕಾಗಲಿಲ್ಲ. ಮರುದಿನವೂ ಹಾಗೇ. ಕಳ್ಳತನದಲ್ಲೂ ನನಗೊಂದು ನ್ಯಾಯವಿತ್ತು ನೋಡಿ. ಎರಡರಿಂದ ಹನ್ನೆರಡರವರೆಗೆ ಹನ್ನೊಂದು ಅಂಕಿ. ಹನ್ನೊಂದು ಮಕ್ಕಳಿಗೆ ಹೋಳಿಗೆ ಹಂಚುವ ತಾಯಿಯ ಹಾಗೆ ಎಲ್ಲಕ್ಕೂ ಸಮನಾಗಿ ಹಂಚಿದೆ. ಪಾಪ, ಹನ್ನೆರಡು ಏನು ತಪ್ಪು ಮಾಡಿತ್ತು?

ನೂರು ದಿನಕ್ಕೆ ಅಣ್ಣ ಎರಡು ಕಡೆಯ ಪುಸ್ತಕ ಪಕ್ಕಪಕ್ಕ ಇಟ್ಟ. ಅವನ ಪುಸ್ತಕದಲ್ಲಿ ಏಳು ರಾಶಿ ರಾಶಿ, ಹನ್ನೆರಡು ಅಲ್ಲೊಂದು ಇಲ್ಲೊಂದು. ನನ್ನದರಲ್ಲಿ ಎಲ್ಲ ಸಮ! ಈಗ ಬೈಯುತ್ತಾನೆ ಅಂದುಕೊಂಡೆ.

ಅವನು ಬೈದದ್ದು ದಾಳವನ್ನು. ಒಳಗೆ ಸೀಸ ಇಟ್ಟಿರಬಹುದೆಂದು ಅತ್ತಿಗೆಯ ಉಪ್ಪಿನ ಡಬ್ಬಿಯನ್ನೆಲ್ಲ ನೀರಿಗೆ ಸುರಿದು, ಅದರಲ್ಲಿ ದಾಳ ತೇಲಿಸಿ, ತಿರುಗಿಸಿ ನೋಡಿದ. ಯಾವ ಮಗ್ಗುಲಿಗೂ ವಾಲಲಿಲ್ಲ. ಸರಿ, ಅವನ ದಾಳ ನನಗೆ, ನನ್ನ ದಾಳ ಅವನಿಗೆ ಎಂದು ಬದಲಾಯಿಸಿದ. ದಾಳ ಬದಲಾಯಿತು, ನಾನು ಬದಲಾಗಲಿಲ್ಲವಲ್ಲ! ಇನ್ನೊಂದು ನೂರು ದಿನ ಕಳೆದ ಮೇಲೂ ಅಲ್ಲಿ ಏಳು ರಾಶಿ, ಇಲ್ಲಿ ಎಲ್ಲ ಸಮ.

ಒಂದು ಭಾನುವಾರ ತಾನೇ ರೈಲು ಹತ್ತಿ ಬಂದು ನಮ್ಮ ಜಗಲಿಯ ಮೇಲೆ ನೂರು ಸಲ ಎಸೆದ. ಹತ್ತೊಂಬತ್ತು ಏಳು! ಸಿಕ್ಕಿಬಿದ್ದೆ ಎಂದು ಒಲೆಯ ಮುಂದೆ ಬೆವರಿದೆ. ಅಣ್ಣ ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಹೇಳಿದ, "ನಂದು ಬಂಗಾರಪೇಟೆ ಕೈಯಿ ಕಣಮ್ಮಿ. ಅಲ್ಲೀ ಅಭ್ಯಾಸ ಬಿಟ್ಟಿಲ್ಲ."

ಕೊನೆಗೆ ಅವನಿಗೆ ಕಾರಣ ಹೊಳೆಯಿತು. ನೆಲ! ಬಂಗಾರಪೇಟೆಯದು ಗಟ್ಟಿ ನೆಲ. ಉರಿಗಾಂ ನೆಲದಡಿ ಮೈಲಿಗಟ್ಟಲೆ ಸುರಂಗ, ಎಲ್ಲ ಟೊಳ್ಳು. ಟೊಳ್ಳಿನ ಮೇಲೆ ದಾಳ ಬೇರೆ ತರಹವೇ ಪುಟಿಯುತ್ತದೆ. ಅದಕ್ಕೇ ಅಲ್ಲಿ ಏಳು ಬೀಳಬೇಕಾದಷ್ಟು ಬೀಳುವುದಿಲ್ಲ. ಅಂಗಡಿ ಭಾಷೆಯಲ್ಲಿ, ಉರಿಗಾಂನಲ್ಲಿ ಏಳು ಬೀಳುವುದಿಲ್ಲ! ಅಂದಿನಿಂದ ಹದಿನೆಂಟು ವರ್ಷ ಪಂಚರ್ ಹಾಕಿಸಿಕೊಂಡವರಿಗೆಲ್ಲ ಇದೇ ಪಾಠ. ಖಾಲಿ ಡ್ರಮ್ಮಿನ ಮೇಲೆ ಒಮ್ಮೆ, ಚಪ್ಪಡಿ ಕಲ್ಲಿನ ಮೇಲೆ ಒಮ್ಮೆ ದಾಳ ಎಸೆದು ಸದ್ದಿನ ವ್ಯತ್ಯಾಸವನ್ನೂ ಕೇಳಿಸುತ್ತಾನೆ.

"ಅಂಗಾದ್ರೆ ನಿನ್ ತಂಗಿ ಊರಾಗೆ ಟೈರೂ ಪಂಚರ್ ಆಗಲ್ವೇನಣ್ಣೋ?" ಎಂದು ಗಿರಾಕಿಗಳು ಕೆಣಕುತ್ತಾರೆ. ಅವನು ನಗುವುದಿಲ್ಲ. ಗಾಢವಾಗಿ ಯೋಚಿಸುತ್ತಾನೆ!

ನಾನೂ ನಗುತ್ತಿದ್ದೆ. ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಕಳೆದ ವಾರ ಅತ್ತಿಗೆ ಫೋನ್ ಮಾಡಿ, ಕಾಲೇಜಿನ ಲೆಕ್ಕದ ಮೇಷ್ಟ್ರೊಬ್ಬರು ಅಣ್ಣನನ್ನು ಸೋಮವಾರ ಹುಡುಗರ ಮುಂದೆ ಈ ದಾಳದ ವಿಷಯ ಮಾತಾಡಲು ಕರೆದಿದ್ದಾರೆ ಎಂದಳು. "ಬಿಳೀ ಶರ್ಟಿಗೆ ಇಸ್ತ್ರಿ ಮಾಡಿಸ್ಕಂಡವ್ನೆ ಕಣಮ್ಮಾ. ನಿನ್ ಪುಸ್ತಕಕ್ಕೆ ಹೊಸಾ ರಟ್ಟು ಹಾಕ್ಸವ್ನೆ." ಈಗ ನನಗೆ ನಗು ಬರಲಿಲ್ಲ. ನೂರು ಹುಡುಗರು ನಗುವುದು ಅವನನ್ನು ನೋಡಿ. ನಗಿಸುವುದು ನನ್ನ ಕೈಬರಹ.

ಶನಿವಾರ ಬೆಳಗಿನ ರೈಲಿಗೆ ಹೋದೆ. ಮೇಷ್ಟ್ರು ಅಂಗಡಿಯಲ್ಲೇ ಇದ್ದರು, ಸ್ಕೂಟರಿಗೆ ಗಾಳಿ ಹಾಕಿಸುತ್ತಾ.

"ಯಜಮಾನ್ರೇ, ದಾಳಕ್ಕೆ ಊರು ಗೊತ್ತಿರಲ್ಲ. ಯಾರೋ ತಪ್ಪು ಬರೆದಿರಬೇಕು" ಎನ್ನುತ್ತಿದ್ದರು.

"ಬೇರೆ ಯಾರಾದ್ರೂ ಬರೆದಿದ್ರೆ ನಾನೂ ಅಂಗೇ ಅಂತಿದ್ದೆ ಸಾರ್" ಎಂದ ಅಣ್ಣ. "ಬರೆದಿರೋದು ನಮ್ ತಂಗಿ."

ಮೇಷ್ಟ್ರು ಹೋದರು. ನಾನು ಅಂಗಡಿಯ ಕಂಬ ಹಿಡಿದು ನಿಂತಿದ್ದೆ. ದಾಳವನ್ನು ಅನುಮಾನಿಸಿದ, ತನ್ನ ಕೈಯನ್ನು ಅನುಮಾನಿಸಿದ, ಭೂಮಿತಾಯಿಯನ್ನೇ ಅನುಮಾನಿಸಿದ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ದಿನ ನನ್ನನ್ನು ಅನುಮಾನಿಸಲಿಲ್ಲ.

"ಅಣ್ಣಾ, ಆ ಪುಸ್ತಕ ಕಾಲೇಜಿಗೆ ತಗಂಡೋಗಬೇಡ."

"ಯಾಕಮ್ಮಿ?"

"ಅದ್ರಾಗಿರೋದು ನಾನು ಎಸೆದಿದ್ದಲ್ಲ. ಸುಮ್ನೆ ಕುಂತು ಬರೆದಿದ್ದು. ಮೊದಲ್ನೇ ಎಂಟು ದಿನ ಬಿಟ್ಟು, ಎಲ್ಲಾ."

ಅವನ ಕೈಯಲ್ಲಿದ್ದ ಟ್ಯೂಬು ಬೋಗುಣಿಯ ನೀರಲ್ಲಿ ಹಾಗೇ ನಿಂತಿತು. ಒಂದೊಂದೇ ಗುಳ್ಳೆ ಮೇಲೆ ಬಂತು. ಬೈಗುಳಕ್ಕೆ ಬೆನ್ನೊಡ್ಡಿ ನಿಂತೆ.

"ಅಂಗಾದ್ರೆ," ಎಂದ ಮೆಲ್ಲಗೆ, "ಉರಿಗಾಂನಾಗೂ ಏಳು ಬೀಳ್ತದಾ?"

"ಬೀಳ್ತದೆ ಅಣ್ಣಾ. ಆ ಎಂಟು ದಿನಾನೂ ಬಿದ್ದಿತ್ತು."

"ಎಲ್ಲಾ ಕಡೇನೂ ಒಂದೇನಾ!" ಎಂದ. ಅರವತ್ತರ ಮುಖದಲ್ಲಿ ಅಪ್ಪ ಮೊದಲ ಸಲ ದಾಳ ತಂದು ತೋರಿಸಿದ ದಿನದ ಕಣ್ಣು. ಕೈ ಒರೆಸಿಕೊಂಡು, ಹೊಸ ನೋಟ್‌ಬುಕ್ ಬಿಚ್ಚಿ, ಚಪ್ಪಡಿ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ದಾಳಗಳನ್ನು ನನ್ನ ಅಂಗೈಗೆ ಹಾಕಿದ. "ಎಸಿ. ನಾನು ಬರೀತೀನಿ."

ಎಸೆದೆ. ಅವನ ಮಂಡಿಯ ಹತ್ತಿರವೇ ಹೋಗಿ ಬಿದ್ದವು. ಸ್ವಲ್ಪ ಬಗ್ಗಿದ್ದರೆ ಅವನಿಗೇ ಕಾಣುತ್ತಿತ್ತು. ಬಗ್ಗಲಿಲ್ಲ. ಕಣ್ಣು ಪುಸ್ತಕದ ಮೇಲೆ, ಪೆನ್ಸಿಲು ಗೆರೆಯ ಮೇಲೆ.

"ಎಷ್ಟು ಬಿತ್ತಮ್ಮಿ?" ಎಂದ.

ನನಗೆ ಚುಕ್ಕಿಗಳು ಕಲಸಿಕೊಂಡವು. ಸೆರಗಿನಿಂದ ಕಣ್ಣೊರೆಸಿ, ಬಗ್ಗಿ, ಒಂದೊಂದನ್ನೂ ಬೆರಳಿಟ್ಟು ಎಣಿಸಿದೆ.

"ಮೂರು, ಒಂದು. ನಾಲ್ಕು ಅಣ್ಣಾ," ಎಂದೆ. "ತಪ್ಪಾಯ್ತು ಕಣಣ್ಣಾ. ನೀನು ನಂಬಿ ಕೊಟ್ಟಿದ್ದೆ, ನಾನು ಎಸೀಲಿಲ್ಲ. ತಪ್ಪಾಯ್ತು."